ಕಳೆಯೋ ಲೆಕ್ಕದಲ್ಲಿ ಉಳಿದುಹೋದ ಬಾಕಿ: ನೋಮಾ 5ಜಿಗೆ ಯಾಕೆ ಬರಲಿಲ್ಲ?

ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಮ್ಯಾಚ್ ದಿನ ಫೋನು ಫುಲ್ ಟವರ್ ತೋರಿಸ್ತಿರುತ್ತೆ, ಆದ್ರೆ ಒಂದು ಫೋಟೋ ಹೋಗಲ್ಲ. ಸಿಗ್ನಲ್ ಇದೆ, ಹಂಚಿಕೊಳ್ಳೋಕೆ ಜಾಗ ಇಲ್ಲ. ಒಂದೇ ಟವರನ್ನ ನೂರಾರು ಫೋನು ಹಂಚಿಕೊಳ್ಳೋ ವಿಧಾನಕ್ಕೆ ಮಲ್ಟಿಪಲ್ ಆಕ್ಸೆಸ್ ಅಂತಾರೆ.

4ಜಿ, 5ಜಿಯಲ್ಲಿ ಇರೋದು ಓಎಫ್‌ಡಿಎಂಎ. ತರಂಗಾಂತರವನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಸೀಳಿ, ಈ ಕ್ಷಣಕ್ಕೆ ಇದು ನಿನಗೆ, ಅದು ಅವಳಿಗೆ ಅಂತ ಹಂಚೋದು. ನೋಮಾ ಹೇಳೋದೇ ಬೇರೆ: ಅದೇ ಪಟ್ಟಿ, ಅದೇ ಕ್ಷಣ, ಇಬ್ಬರಿಗೂ ಕೊಡಿ! ದೂರದ ಫೋನಿಗೆ ಹೆಚ್ಚು ಪವರ್, ಹತ್ತಿರದ್ದಕ್ಕೆ ಕಮ್ಮಿ. ಹತ್ತಿರದ ಫೋನು ಮೊದಲು ದೂರದವನ ಸಿಗ್ನಲ್ ಓದಿ, ಬಂದದ್ದರಿಂದ ಅದನ್ನ ಕಳೆದು, ಉಳಿದದ್ದನ್ನ ತನ್ನದು ಅಂತ ತಗೊಳ್ಳುತ್ತೆ. ಕಾಗದದ ಮೇಲೆ ಅದ್ಭುತ.

ನಾನು ಬಿ.ಕಾಂ. ಓದಿದವನು, ಲೆಕ್ಕದಲ್ಲೇ ಹೇಳ್ತೀನಿ. ಟವರ್ ಪವರ್ 100 ಅಂದ್ಕೊಳ್ಳಿ. ದೂರದವನಿಗೆ 80, ನಮಗೆ 20. ಆ 80 ಪೂರ್ತಿ ಕಳೆದುಹೋಗಬೇಕು. ಆದ್ರೆ ಸಿಗ್ನಲ್ ದಾರಿಯಲ್ಲಿ ಗೋಡೆಗೆ ಬಡಿದು, ಬಸ್ಸಿಗೆ ಬಡಿದು ಹೇಗೆ ಬದಲಾಗಿದೆ ಅನ್ನೋದನ್ನ ಫೋನು ಅಂದಾಜೇ ಮಾಡ್ಬೇಕು. ಅಂದಾಜು ಸ್ವಲ್ಪ ತಪ್ಪಿ 80ರಲ್ಲಿ ಶೇ. 5 ಉಳೀತು ಅಂದ್ರೆ, 4 ಬಾಕಿ. ನಮ್ಮ 20ರ ಪಕ್ಕದಲ್ಲಿ 4ರ ಗಲಾಟೆ, ಅಂದ್ರೆ ಐದು ಪಟ್ಟು ಅಷ್ಟೇ. ಸರಿ, ಪವರ್ ಡಬಲ್ ಮಾಡಿ. ನಮ್ಮದು 40, ಬಾಕಿ 8. ಮತ್ತೆ ಐದೇ! ಟವರ್ ಎಷ್ಟೇ ಕೂಗಿದ್ರೂ ಆ ಅನುಪಾತ ಐದನ್ನ ದಾಟಲ್ಲ. ಬಾಕಿ ಸೊನ್ನೆ ಅಂತ ಹಿಡಿದ ಗ್ರಾಫಲ್ಲಿ ಗೆರೆ ಮಾತ್ರ ಏರ್ತಾನೇ ಇರುತ್ತೆ.

5ಜಿ ಮಾನದಂಡ ಬರೆಯೋ 3ಜಿಪಿಪಿ ಇದನ್ನ ಅಧ್ಯಯನ ಮಾಡ್ತು, ಮುಖ್ಯವಾಗಿ ಫೋನಿಂದ ಟವರ್ ಕಡೆ ಹೋಗೋ ದಾರಿಗೆ. ಅಲ್ಲಿ ಕಳೆಯೋ ಕೆಲಸ ಟವರ್‌ದು. ಅಧ್ಯಯನ 2018ರ ಕೊನೆಗೆ ಮುಗೀತು, ನೋಮಾ ಮಾನದಂಡದೊಳಗೆ ಬರಲಿಲ್ಲ.

ಹಾಗಂತ ಇಂಥ ತೊಂದರೆಗೆ ಮದ್ದೇ ಇಲ್ಲ ಅಂತಲ್ಲ. ಹಳೇ ಸಿಡಿಎಂಎ ಹ್ಯಾಂಡ್‌ಸೆಟ್ ನೆನಪಿದ್ಯಾ? ಮನೇಲಿ ಅಪ್ಪನ ಹತ್ರ ಇದ್ದಿರಬಹುದು. ಅಲ್ಲೂ ಎಲ್ಲರೂ ಒಟ್ಟಿಗೇ ಮಾತಾಡೋದು, ಟವರ್ ಪಕ್ಕದವನ ಸದ್ದಲ್ಲಿ ದೂರದವನು ಮುಳುಗಿಹೋಗೋದು. ಅದಕ್ಕೆ ಟವರ್ ಪ್ರತಿ ಫೋನಿಗೂ ‘ಏರಿಸು, ಇಳಿಸು’ ಅಂತ ಸೆಕೆಂಡಿಗೆ 800 ಸಲ ಹೇಳ್ತಿತ್ತು.

ಈಗ 6ಜಿ ಚರ್ಚೆಯಲ್ಲಿ ನೋಮಾ ಹೆಸರು ಮತ್ತೆ ಬರ್ತಿದೆ. ಯಾರಾದ್ರೂ ‘ಇಷ್ಟು ಪಟ್ಟು ವೇಗ’ ಅಂತ ಗ್ರಾಫ್ ಫಾರ್ವರ್ಡ್ ಮಾಡಿದ್ರೆ, ಬಾಕಿ ಎಷ್ಟು ಹಿಡಿದಿದ್ದಾರೆ ನೋಡಿ, ನನಗೂ ಕಳಿಸಿ. ಮುಂದಿನ ವಾರ ಸಿಗೋಣ.