ಕೈ ಚಾಚುವ ಹೊತ್ತು

ಈ ವಾರ ನಮ್ಮ ಬೀದಿಯ ಇಬ್ಬರು ಹುಡುಗಿಯರು ಜಗಲಿಯ ಮೇಲೆ ಚೆಸ್ ಹಾಸಿಕೊಂಡು ಕೂತಿದ್ದರು. ಒಬ್ಬಳಿಗೆ ಉಳಿದದ್ದು ರಾಜ ಮಾತ್ರ. ಇನ್ನೊಬ್ಬಳ ಹತ್ತಿರ ಮಂತ್ರಿ, ಆನೆ ಎರಡೂ. ಆದರೂ ಸೋಲುತ್ತಿದ್ದವಳು ಬಿಡಲೊಲ್ಲಳು, ರಾಜನನ್ನು ಒಂದೊಂದೇ ಮನೆ ಸರಿಸುತ್ತಲೇ ಇದ್ದಳು. ಅದೂ ಸರಿಯೇ. ಎದುರಿನವಳು ಅವಸರಪಟ್ಟು ಎಡವಿದರೆ ಆಟ ಡ್ರಾ ಆಗಿಬಿಡಬಹುದಲ್ಲ!

ನನಗೆ ಜಾರ್ಜಿಯಾದ ಬಟುಮಿಯಲ್ಲಿ ನಡೆದ ಮಹಿಳಾ ವಿಶ್ವಕಪ್ ಫೈನಲ್ ನೆನಪಾಯಿತು. 2025ರ ಜುಲೈ. ಎರಡೂ ಕಡೆ ನಮ್ಮವರೇ: 38ರ ಕೊನೇರು ಹಂಪಿ, 19ರ ದಿವ್ಯಾ ದೇಶಮುಖ್. ಹಂಪಿ ಗ್ರ್ಯಾಂಡ್‌ಮಾಸ್ಟರ್ ಆದದ್ದು 2002ರಲ್ಲಿ. ಆಗ ದಿವ್ಯಾ ಹುಟ್ಟಿಯೇ ಇರಲಿಲ್ಲ. ಮೊದಲೆರಡು ದಿನದ ಆಟ ಡ್ರಾ. ಟೈಬ್ರೇಕ್‌ನ ಮೊದಲ ಆಟವೂ ಡ್ರಾ. ಎರಡನೆಯದರಲ್ಲಿ ದಿವ್ಯಾಗೆ ಕಪ್ಪು ಕಾಯಿ. ಗಡಿಯಾರ ಓಡುತ್ತಿದೆ, ಹಲಗೆ ಬರಿದಾಗುತ್ತಿದೆ. ಎಪ್ಪತ್ತು ನಡೆ ದಾಟುವವರೆಗೂ ಹಂಪಿ ಪಟ್ಟು ಬಿಡಲಿಲ್ಲ. ಆಮೇಲೆ ಕೈ ಚಾಚಿದರು.

ದಿವ್ಯಾ ಆ ಗೆಲುವಿನಿಂದಲೇ ಗ್ರ್ಯಾಂಡ್‌ಮಾಸ್ಟರ್ ಆದರು. ತಾಯಿಯನ್ನು ತಬ್ಬಿಕೊಂಡು ಅತ್ತದ್ದನ್ನು ನಾವೆಲ್ಲ ನೋಡಿ ಸಂತೋಷಪಟ್ಟೆವು. ನನ್ನ ಮನಸ್ಸು ಮಾತ್ರ ಅದಕ್ಕೆ ತುಸು ಮುಂಚೆ ಚಾಚಿದ ಆ ಕೈಯಲ್ಲೇ ನಿಂತಿದೆ.

ಕ್ರಿಕೆಟ್‌ನಲ್ಲಿ ಔಟ್ ಎಂದು ಅಂಪೈರ್ ಬೆರಳೆತ್ತುತ್ತಾರೆ. ನುರಿತವರ ಚೆಸ್‌ನಲ್ಲಿ ಚೆಕ್‌ಮೇಟ್‌ವರೆಗೆ ಹೋಗುವುದೇ ಅಪರೂಪ. ಸೋತವರೇ ‘ಸೋತೆ’ ಅನ್ನಬೇಕು. ಮುಂದೇನಾಗುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು ಎಂದು ಎದುರಾಳಿಗೆ ಸಲ್ಲಿಸುವ ಮರ್ಯಾದೆ ಅದು. ಹಾಗೆಂದು ಬೇಗ ಕೈಚೆಲ್ಲುವುದು ದೊಡ್ಡಗುಣವಲ್ಲ. ಕೊನೆಯವರೆಗೂ ಹೋರಾಡಿದವರು ಚಾಚಿದ ಕೈಗೇ ತೂಕ.

ಬಟುಮಿಯಂತೆ ಕಪ್ಪು ಸಮುದ್ರದ ದಡದಲ್ಲೇ ಇರುವ ಪಿತ್ಸುಂದಾದಲ್ಲಿ, 1978ರಲ್ಲಿ, ನೋನಾ ಗಪ್ರಿಂದಾಶ್ವಿಲಿ ಹದಿನೇಳರ ಮಾಯಾ ಚಿಬುರ್ದಾನಿದ್ಜೆಗೆ ಸೋತರು. 1962ರಿಂದ ಮಹಿಳಾ ವಿಶ್ವ ಚಾಂಪಿಯನ್ ಆಗಿದ್ದವರು ತಮ್ಮ ನಾಡಿನದೇ ಹುಡುಗಿಗೆ ಪಟ್ಟ ಬಿಟ್ಟುಕೊಟ್ಟರು. ಎರಡು ವರ್ಷದ ನಂತರ ಮಾಲ್ಟಾದ ಒಲಿಂಪಿಯಾಡ್‌ನಲ್ಲಿ ಅವರಿಬ್ಬರೂ ಒಂದೇ ತಂಡದಲ್ಲಿ ಆಡಿ ಚಿನ್ನ ಗೆದ್ದರು.

ಆಸ್ತಿಯದೋ, ಮಾತಿನದೋ, ನಮ್ಮ ಮನೆಗಳಲ್ಲೂ ಎಷ್ಟೋ ಜಗಳಗಳಿವೆ. ಸೋತಿದ್ದೇವೆಂದು ಒಳಗೊಳಗೇ ಗೊತ್ತಿದ್ದರೂ ವರ್ಷಗಟ್ಟಲೆ ವಾದ ಎಳೆಯುತ್ತೇವೆ. ‘ಆಯ್ತು ಅಕ್ಕ, ನೀನು ಹೇಳಿದ್ದೇ ಸರಿ’ ಅಂದುಬಿಟ್ಟರೆ, ಮುಂದಿನ ಹಬ್ಬಕ್ಕೆ ಒಂದೇ ಪಂಕ್ತಿಯಲ್ಲಿ ಕೂರಬಹುದೇನೋ.