ಹನ್ನೊಂದರಿಂದ ಐದರವರೆಗೆ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಸಭೆಯಲ್ಲಿ ಉಳಿತಾಯ, ಸಾಲದ ಮಾತು ಬಿಟ್ಟು ಈ ಮುದುಕಿ ಶಾಲೆಯೊಂದರ ಕತೆ ಹೇಳಲು ನಿಂತಿದ್ದಾಳಲ್ಲ ಎಂದು ನಿಮಗೆ ಅನ್ನಿಸಬಹುದು. ಕೊನೆಗೆ ಸಾಲದ ಮಾತಿಗೇ ಬರುತ್ತೇನೆ, ಸ್ವಲ್ಪ ತಾಳಿ.

ಪುಣೆಯಲ್ಲಿ ಹುಜೂರ್‌ಪಾಗಾ ಎಂಬ ಹೆಸರಿನ ಹೆಣ್ಣುಮಕ್ಕಳ ಹೈಸ್ಕೂಲು ಇದೆ. ಪಾಗಾ ಎಂದರೆ ಕುದುರೆ ಲಾಯ. ಪೇಶ್ವೆಗಳ ಕುದುರೆಗಳಿದ್ದ ಜಾಗದ ಹೆಸರೇ ಶಾಲೆಗೆ ಉಳಿಯಿತು. ನ್ಯಾಯಮೂರ್ತಿ ರಾನಡೆ, ಭಂಡಾರಕರ್, ವಾಮನ ಆಬಾಜಿ ಮೋಡಕ್, ವಿಲಿಯಂ ವೆಡರ್‌ಬರ್ನ್ ಮೊದಲಾದವರ ಪ್ರಯತ್ನದಿಂದ 1884ರ ಸೆಪ್ಟೆಂಬರ್‌ನಲ್ಲಿ ಅದು ಆರಂಭವಾಯಿತು. ಆಗ ನಮ್ಮ ಧಾರವಾಡ, ಬೆಳಗಾವಿಗಳೂ ಮುಂಬಯಿ ಪ್ರಾಂತದಲ್ಲೇ ಇದ್ದುವು. ಹಾಗಾಗಿ ಇದು ಪರರ ಕತೆಯಲ್ಲ.

ಅದೇ ಪುಣೆಯಲ್ಲಿ ಜೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ 1848ರಲ್ಲೇ ಹುಡುಗಿಯರಿಗೆ ಶಾಲೆ ತೆರೆದಿದ್ದರು. ಸಾವಿತ್ರಿಬಾಯಿಯವರ ಮೇಲೆ ಜನ ಸೆಗಣಿ ಎರಚಿದ್ದು ನಿಮಗೆ ಗೊತ್ತಿದೆ. ಹಾಗಾದರೆ ಹೈಸ್ಕೂಲಿಗೆ ಮತ್ತೆ 36 ವರ್ಷ ಏಕೆ ಬೇಕಾಯಿತು? ಕಾರಣ ಸರಳ. ಹತ್ತು ಹನ್ನೊಂದಕ್ಕೆ ಮದುವೆಯಾದರೆ ಹೈಸ್ಕೂಲಿಗೆ ಬರುವವರು ಯಾರು? ಹುಡುಗಿಗೆ ಹೈಸ್ಕೂಲು ಬೇಕು ಎನ್ನುವುದೂ ಅವಳ ಮದುವೆ ತಡವಾಗಲಿ ಎನ್ನುವುದೂ ಒಂದೇ ಮಾತು. ವಿರೋಧ ಬಂದದ್ದು ಅದಕ್ಕೇ.

ರಾನಡೆಯವರ ಪತ್ನಿ ರಮಾಬಾಯಿ ಹನ್ನೊಂದಕ್ಕೆ ಮದುವೆಯಾಗಿ ಬಂದು, ಗಂಡನ ಬಳಿ ಅಕ್ಷರ ಕಲಿತವರು. ಈ ಹೈಸ್ಕೂಲು ಬೇಕೆಂದು ಗವರ್ನರರ ಎದುರು ಇಂಗ್ಲಿಷಿನಲ್ಲಿ ಮನವಿ ಓದಿದರು. ಮನೆಗೆ ಬಂದರೆ ಹಿರಿಯ ಹೆಂಗಸರಿಂದ ಚುಚ್ಚುಮಾತು! ಓದುವ ಸೊಸೆಗೆ ಸಿಕ್ಕ ಈ ಹಿಂಸೆಯನ್ನು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಶಾಲೆಯ ವೇಳೆ ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ. ಇದೂ ದೊಡ್ಡ ಜಗಳವಾಯಿತು. ಹುಡುಗಿ ಇಡೀ ದಿನ ಶಾಲೆಯಲ್ಲಿದ್ದರೆ ಮನೆಗೆಲಸ ಕಲಿಯುವುದು ಯಾವಾಗ, ಮೂರು ಗಂಟೆ ಸಾಕು ಎಂದು ತಿಲಕರ ಪತ್ರಿಕೆ ವಾದಿಸಿತು. ತಿಲಕರು ಮಹಾ ದೇಶಭಕ್ತರು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೇಶಕ್ಕೆ ಸ್ವಾತಂತ್ರ್ಯ ಕೇಳಿದವರಿಗೂ ಹೆಣ್ಣಿನ ಹಗಲು ಅವಳದೇ ಎಂದು ಒಪ್ಪುವುದು ಕಷ್ಟವಾಗಿತ್ತು.

ಅದೇ 1884ರಲ್ಲಿ ಮುಂಬಯಿಯ ರಖ್ಮಾಬಾಯಿಯ ಮೇಲೆ ಗಂಡ ದಾವೆ ಹಾಕಿದ. ಹನ್ನೊಂದನೇ ವಯಸ್ಸಿನಲ್ಲಿ ಆದ ಮದುವೆ; ಆಕೆ ಅವನ ಮನೆಗೆ ಹೋಗಲು ಒಪ್ಪಲಿಲ್ಲ. ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಜೈಲು ಎಂದು 1887ರಲ್ಲಿ ಕೋರ್ಟು ಹೇಳಿತು. ಜೈಲೇ ಆಗಲಿ ಎಂದಳು! 1888ರಲ್ಲಿ ಹಣ ಕೊಟ್ಟು ರಾಜಿಯಾಯಿತು. ಮುಂದೆ ವಿಲಾಯಿತಿಗೆ ಹೋಗಿ ಓದಿ ಡಾಕ್ಟರಾದಳು. ‘ಒಲ್ಲೆ’ ಎನ್ನುವ ಧೈರ್ಯಕ್ಕೆ ಓದು ಬೆನ್ನೆಲುಬಾಗಿತ್ತು.

ಆದರೆ ಓದಿದರೆ ಸಾಕು, ವರದಕ್ಷಿಣೆ ತಾನಾಗಿ ಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಕಾಲೇಜಿನಲ್ಲಿ ಪಾಠ ಹೇಳಿದವಳು ನಾನು. ಚೆನ್ನಾಗಿ ಓದುತ್ತಿದ್ದ ಹುಡುಗಿಯರು ನಡುವರ್ಷದಲ್ಲಿ ಲಗ್ನಪತ್ರಿಕೆ ಹಿಡಿದು ಬಂದು, ಮರುದಿನದಿಂದ ಬೆಂಚು ಖಾಲಿಯಾದದ್ದನ್ನು ಕಂಡಿದ್ದೇನೆ. ಡಿಗ್ರಿ ಪಡೆದ ಹುಡುಗಿಗೆ ಅದಕ್ಕಿಂತ ದೊಡ್ಡ ಡಿಗ್ರಿಯ ವರ, ಅವನಿಗೆ ಅಷ್ಟೇ ದೊಡ್ಡ ದರ. ಓದನ್ನೂ ಮದುವೆಯ ಸಂತೆಗೆ ಹಾಕಿದರೆ ಅದೂ ಒಂದು ಒಡವೆಯಾಗುತ್ತದೆ ಅಷ್ಟೆ.

ಈಗ ಸಾಲದ ಮಾತು. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ ಎಂದು 1961ರ ಕಾಯಿದೆ ಹೇಳುತ್ತದೆ. ಮನೆಯೊಳಗಿನ ಹಿಂಸೆಯ ವಿರುದ್ಧ 2005ರ ಕಾಯಿದೆ ಇದೆ. ಆದರೂ ನಮ್ಮ ಸಂಘಗಳ ಪುಸ್ತಕದಲ್ಲಿ ‘ಮದುವೆ ಖರ್ಚು’ ಎಂದು ಬರೆದ ಸಾಲದಲ್ಲಿ ಎಷ್ಟು ಬೀಗರ ಮನೆ ಸೇರುತ್ತದೆ? ಕೂಲಿ ಮಾಡಿ ವಾರವಾರ ಕಟ್ಟಿದ ದುಡ್ಡು ನಮ್ಮ ಮಗಳ ಬೆಲೆಯಾಗಬೇಕೆ? ಆ ಸಾಲ ತೀರುವ ಮೊದಲೇ ಇನ್ನಷ್ಟು ತಾ ಎಂದು ಅವಳನ್ನು ತವರಿಗೆ ಅಟ್ಟಿದರೆ, ಮತ್ತೆ ಸಾಲ ಕೊಡುತ್ತೀರಾ?

ಒಂದು ಠರಾವು ಮಾಡಿ. ಹೆಣ್ಣುಮಗುವಿನ ಫೀಜು, ಹಾಸ್ಟೆಲ್ಲು, ಬಸ್ ಪಾಸಿಗೆ ಮೊದಲ ಸಾಲ. ವರದಕ್ಷಿಣೆಗೆ ಒಂದು ಪೈಸೆಯೂ ಇಲ್ಲ. ಹೊಡೆತ ತಿಂದು ಬಂದ ಮಗಳಿಗೆ ‘ಹೊಂದಿಕೊಂಡು ಹೋಗು’ ಎನ್ನುವ ಮೊದಲು ಸಂಘ ಅವಳ ಜೊತೆ ನಿಲ್ಲಲಿ.

ಮಗಳು ಶಾಲೆಯಿಂದ ಬರುವಾಗ ತಡವಾದರೆ ಬೈಯಬೇಡಿ. ಹನ್ನೊಂದರಿಂದ ಐದರವರೆಗಿನ ಆ ಹೊತ್ತಿಗಾಗಿ ನಮ್ಮ ಅಜ್ಜಿಯರ ಕಾಲದವರು ಬೈಗಳು ತಿಂದಿದ್ದಾರೆ.