ಬಸುರಿಗೆ ನಡಿಗೆಯೂ ಬೇಕು



ಗಬ್ಬದ ಹಸುವನ್ನು ನೇಗಿಲಿಗೆ ಹೂಡುವ ರೈತನಿಲ್ಲ. ಹಾಗಂತ ದಿನವೆಲ್ಲ ಗೂಟಕ್ಕೆ ಕಟ್ಟಿಹಾಕುವವನೂ ಇಲ್ಲ. ಬೆಳಗ್ಗೆ ಬಿಟ್ಟು ನಾಲ್ಕು ಹೆಜ್ಜೆ ಮೇಯಿಸಿಕೊಂಡು ಬರುತ್ತಾನೆ. ಈ ವಿವೇಕ ಮನೆಯ ಬಸುರಿಯ ವಿಷಯದಲ್ಲೂ ನಮಗಿರಬೇಡವೇ?

ಬೆಂಗಳೂರಿನ ಪಶ್ಚಿಮಕ್ಕಿರುವ ಮಲ್ಲತ್ತಹಳ್ಳಿಯನ್ನೇ ನೋಡಿ. ಹಿಂದೆ ಹಳ್ಳಿ, ಈಗ ನಗರದೊಳಗೆ ಸೇರಿಹೋಗಿದೆ. ಆಗಿನ ಬಸುರಿ ನೀರು ಸೇದಬೇಕು, ರಾಗಿ ಬೀಸಬೇಕು, ಹೊಲಕ್ಕೆ ಬುತ್ತಿ ಹೊರಬೇಕು. ಈಗ ನಲ್ಲಿ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ಮಿಕ್ಸಿ. ಕಷ್ಟ ತಪ್ಪಿತು, ಒಳ್ಳೇದೇ ಆಯ್ತು. ಆದರೆ ಕಷ್ಟದ ಜೊತೆಗೆ ಮೈಯಾಟವೂ ಹೋಯಿತು. ಸಾಲದ್ದಕ್ಕೆ ಅತ್ತೆಯ ಅಕ್ಕರೆ: “ನೀನು ಏಳ್ಬೇಡ ಕಣವ್ವಾ, ಇಬ್ಬರ ಊಟ ಉಣ್ಣು, ಮಲಕ್ಕೋ.” ನಮ್ಮ ನಿಮ್ಮ ಹಳ್ಳಿಗಳಲ್ಲೂ ಇದೇ ಮಾತು ಕೇಳಿಬರುತ್ತದೆ.

ಇದರಿಂದ ಆಗುವುದೇನು? ಬಸುರಿನಲ್ಲಿ ರಕ್ತದ ಸಕ್ಕರೆ ಏರುವ ಸ್ವಭಾವ ಮೈಗೆ ಇದ್ದೇ ಇದೆ. ಕೈಕಾಲು ಆಡಿದರೆ ಸ್ನಾಯುಗಳು ಆ ಸಕ್ಕರೆಯನ್ನು ಖರ್ಚು ಮಾಡುತ್ತವೆ. ಕೂತೇ ಇದ್ದರೆ ತೂಕ ಮಿತಿಮೀರುತ್ತದೆ; ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಭಯ ಹೆಚ್ಚುತ್ತದೆ. ತಾಯಿಯ ಹೆಚ್ಚಿನ ಸಕ್ಕರೆ ಕೂಸಿಗೂ ಹರಿದು, ಕೂಸು ಅತಿಯಾಗಿ ದಪ್ಪವಾಗಬಹುದು. ಹೆರಿಗೆ ಕಷ್ಟ. ಹುಟ್ಟಿದ ಮೇಲೆ ಕೂಸಿನ ಸಕ್ಕರೆ ಥಟ್ಟನೆ ಕುಸಿಯುವ ಅಪಾಯವೂ ಉಂಟು.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 6 ಮಂದಿಗೆ ಈ ಸಕ್ಕರೆ ಕಾಯಿಲೆ ಕಂಡುಬಂತು. ಅವರ ಹೆಣ್ಣುಮಕ್ಕಳ ಮೈಯಲ್ಲಿ 5ನೆಯ ವಯಸ್ಸಿಗೂ ಕೊಬ್ಬು ಹೆಚ್ಚಿತ್ತು. ಕೂತಿರುವುದೊಂದೇ ಇದಕ್ಕೆ ಕಾರಣವಲ್ಲ, ವಂಶದ ಗುಣವೂ ಸೇರುತ್ತದೆ. ಆದ್ದರಿಂದ ಮೊದಲ ತಪಾಸಣೆಯಲ್ಲೂ, ಮತ್ತೆ ಆರನೆಯ ತಿಂಗಳ ಸುಮಾರಿಗೂ ಸಕ್ಕರೆ ಪರೀಕ್ಷೆ ಮಾಡಿಸಿ.

ಇನ್ನೊಂದು ಮಗ್ಗುಲನ್ನೂ ಮರೆಯಬಾರದು. ಪುಣೆಯ ಸುತ್ತಿನ ಹಳ್ಳಿಗಳಲ್ಲಿ ನೋಡಿದಾಗ, ಹೊಲಗೆಲಸ, ನೀರು ಹೊರುವ ಕೆಲಸ ಅತಿಯಾಗಿದ್ದ ತಾಯಂದಿರಿಗೆ ಸಣ್ಣ ಕೂಸುಗಳು ಹುಟ್ಟಿದ್ದವು. ಬೆನ್ನು ಬಗ್ಗಿಸಿ ನಾಟಿ ಹಾಕುವವಳಿಗೆ, ಹೊರೆ ಹೊರುವವಳಿಗೆ ಬೇಕಾದ್ದು ವಿಶ್ರಾಂತಿ, ಹೊಟ್ಟೆ ತುಂಬ ಊಟ. ನಾನು ‘ನಡೆ’ ಎನ್ನುವುದು ಕೂತವಳಿಗೆ.

ಎಷ್ಟು ನಡೆಯಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150 ನಿಮಿಷ. ಅಂದರೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಮೊದಲು ಹತ್ತು ನಿಮಿಷದಿಂದ ಶುರುಮಾಡಿ. ನಡೆಯುತ್ತಾ ಮಾತಾಡಲು ಆಗಬೇಕು, ಏದುಸಿರು ಬರಬಾರದು. ತಂಪು ಹೊತ್ತು, ಸಮನೆಲ, ಜೊತೆಗೊಬ್ಬರು, ಕುಡಿಯಲು ನೀರು ಇರಲಿ. ಮಲ್ಲತ್ತಹಳ್ಳಿಯವರಿಗೆ ಕೆರೆಯಂಗಳದ ದಾರಿ ಉಂಟು. ನಿಮಗೆ ತೋಟದ ಬದಿ ಸಾಕು.

ಶುರುಮಾಡುವ ಮುಂಚೆ ಡಾಕ್ಟರನ್ನು ಕೇಳಿ. ರಕ್ತಹೀನತೆ ತೀರಾ ಇದ್ದರೆ, ರಕ್ತದೊತ್ತಡ ಏರಿದ್ದರೆ, ಮಾಸು ಕೆಳಗಿದ್ದರೆ, ದಿನ ತುಂಬದೆ ನೋವು ಬಂದಿದ್ದರೆ ಅವರು ಹೇಳಿದಂತೆಯೇ ನಡೆಯಿರಿ. ರಕ್ತ ಕಂಡರೆ, ನೀರು ಒಸರಿದರೆ, ತಲೆ ಸುತ್ತಿದರೆ, ಎದೆ ನೋವು, ಕಣ್ಣು ಮಂಜು ಬಂದರೆ, ಕೂಸಿನ ಅಲುಗಾಟ ಕಡಿಮೆಯಾದರೆ ಅಲ್ಲೇ ನಿಲ್ಲಿಸಿ, 108ಕ್ಕೆ ಕರೆ ಮಾಡಿ. ‘ನಾಳೆ ನೋಡೋಣ’ ಅನ್ನಬೇಡಿ.

ಅತ್ತೆಯರೇ, ಇವತ್ತು ಸಂಜೆ ಸೊಸೆಯನ್ನು “ಬಾರವ್ವ, ಒಂದು ಸುತ್ತು ಹೋಗಿಬರೋಣ” ಅಂತ ಕರೆಯಿರಿ. ಆ ಅರ್ಧ ಗಂಟೆ ಒಲೆ ಮುಂದಿನ ಕೆಲಸ ಮನೆಯ ಗಂಡಸರು ನೋಡಿಕೊಳ್ಳಲಿ.